ಅರಿವಿನ ದಾಸೋಹದಲ್ಲಿ ಪಂಕ್ತಿಭೇದವೇ?



ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡದ ಮೇಲೆ ನಿಂತವರಿಗೆ ಅಂಬಿಗರ ಚೌಡಯ್ಯನವರ ನೆನಪು ಬಾರದಿರದು. ದೋಣಿ ನಡೆಸುವ ಕಾಯಕದವರು 12ನೆಯ ಶತಮಾನದಲ್ಲಿ ಪರತತ್ತ್ವವನ್ನು ಕುರಿತು ನಿರ್ಭೀತರಾಗಿ ನುಡಿದರು. ಕಾಯಕದೊಡನೆ ಬೆರೆತ ತಮ್ಮ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡರು. ಅರಿವು ಸಂಸ್ಕೃತದ ಗರ್ಭಗುಡಿಯಿಂದ ಹೊರಬಂದು ಜನರ ನುಡಿಯಲ್ಲಿ ನೆಲೆಸಿದ್ದರಿಂದಲೇ ಅದು ಸಾಧ್ಯವಾಯಿತು. ಆದರೆ ಇಂದು ಅದೇ ನೆಲದಲ್ಲಿ ವಿಜ್ಞಾನವೆಂಬ ಮತ್ತೊಂದು ಅರಿವಿಗೆ ಬಾಗಿಲು ಹಾಕಲಾಗಿದೆ. ಶರಣರ ವಾರಸುದಾರರೆಂದು ಹೇಳಿಕೊಳ್ಳುವ ನಾವು ಇದನ್ನು ಕಂಡೂ ಸುಮ್ಮನಿರುವುದು ಧರ್ಮವೇ?

ಬ್ಯಾಡಗಿಯ ಮೆಣಸಿನಕಾಯಿಯನ್ನೇ ನೋಡೋಣ. ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದ ಈ ಬೆಳೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಬೆಳೆಯ ದೊಡ್ಡ ಶತ್ರು ಎಲೆ ಮುದುಡುವ ರೋಗ. ಥ್ರಿಪ್ಸ್ ತಗುಲಿದರೆ ಎಲೆ ಮೇಲ್ಮುಖವಾಗಿ ಮುದುಡುತ್ತದೆ. ಮೈಟ್ ತಗುಲಿದರೆ ಕೆಳಮುಖವಾಗಿ, ಬೋರಲು ಹಾಕಿದ ದೋಣಿಯಂತೆ ಮುದುಡುತ್ತದೆ. ಮೊದಲನೆಯದು ಆರು ಕಾಲಿನ ಕೀಟ. ಎರಡನೆಯದು ಎಂಟು ಕಾಲಿನದು, ಜೇಡನ ಬಳಗದ್ದು. ಒಂದನ್ನು ಕೊಲ್ಲುವ ಎಷ್ಟೋ ಔಷಧಗಳು ಇನ್ನೊಂದಕ್ಕೆ ನಾಟುವುದಿಲ್ಲ. ಆದರೆ ನಾವು ಎರಡನ್ನೂ ‘ನುಸಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಎಲೆಯನ್ನು ತೋರಿಸಿ ಎರಡು ಮಾತಿನಲ್ಲಿ ಹೇಳಬಹುದಾದ ಈ ಭೇದವನ್ನು ತಿಳಿಸುವವರಿಲ್ಲದೆ ಸಾಲ ಮಾಡಿ ತಂದ ವಿಷವನ್ನು ಸಲ್ಲದ ಕಡೆ ಸುರಿಯುವ ರೈತನನ್ನು ಅಜ್ಞಾನಿ ಎನ್ನುವುದು ಯಾವ ನ್ಯಾಯ?

ಆ ವಿಷದ ಡಬ್ಬಿಯ ಮೇಲೆ ಆಯಾ ಪ್ರದೇಶದ ಭಾಷೆಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಅಕ್ಷರವಿದ್ದರೆ ಸಾಕೇ? ಅಂಗೈಯಗಲದ ಚೀಟಿಯಲ್ಲಿ ಇರುವೆಸಾಲಿನಂತೆ ಮುದ್ರಿಸಿದ್ದನ್ನು ಯಾರು ಓದಬೇಕು? ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ವಿಷದ ತೀವ್ರತೆಯ ಇಳಿಕೆಯ ಕ್ರಮವನ್ನು ಸೂಚಿಸುತ್ತವೆ. ಹಸಿರು ಕೂಡ ವಿಷವೇ ಎಂಬುದನ್ನು ಪಂಪು ಹೊತ್ತವನಿಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದಾರೆಯೇ? 2023ರ ಜನವರಿಯಲ್ಲಿ ಹಾವೇರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ವೈಭವದಿಂದ ನಡೆಯಿತು, ಸಂತೋಷ. ಆದರೆ ಜೀವ ಉಳಿಸುವ ಮಾತು ಕನ್ನಡದಲ್ಲಿ ಕಿವಿಗೆ ಬೀಳದಿದ್ದರೆ ವೇದಿಕೆಯ ಜಯಘೋಷದಿಂದ ಬಂದ ಫಲವೇನು?

ಇನ್ನು ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಿಗೆ ಬನ್ನಿ. ಹತ್ತಿಯ ಹೊಲದಲ್ಲಿ ತಾಯಂದಿರು ಸಂಜೆ ಮೊಗ್ಗಿನ ಕೇಸರಗಳನ್ನು ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಕೈಯಾರೆ ಸೋಂಕಿಸುತ್ತಾರೆ. ಇಂಥದೇ ಕೆಲಸವನ್ನು ಬಟಾಣಿ ಗಿಡಗಳ ಮೇಲೆ ಮಾಡಿ 1866ರಲ್ಲಿ ಅನುವಂಶೀಯತೆಯ ನಿಯಮಗಳನ್ನು ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಕೂಡ ಒಬ್ಬ ಮಠವಾಸಿ. ಆತನನ್ನು ಜಗತ್ತು ವಿಜ್ಞಾನಿಯೆಂದು ಗೌರವಿಸುತ್ತದೆ. ನಮ್ಮ ತಾಯಂದಿರನ್ನು ಕೂಲಿಯಾಳುಗಳೆಂದು ಮಾತ್ರ ಕಾಣುತ್ತೇವೆ. ಸಂಕರಣ ಬೀಜದ ಬೆಳೆಯಿಂದ ತೆಗೆದಿಟ್ಟ ಕಾಳನ್ನು ಮತ್ತೆ ಬಿತ್ತಿದರೆ ಗುಣಗಳು ಚದುರಿ ಬೆಳೆ ಒಂದೇ ಸಮನಾಗಿ ಬರುವುದಿಲ್ಲ. ಏಕೆಂಬುದನ್ನು ಆ ಬೀಜವನ್ನು ಸೃಷ್ಟಿಸಿದ ಕೈಗಳಿಗೇ ಹೇಳದೆ ಬಿಡುವುದು ಕಾಯಕಕ್ಕೆ ಮಾಡುವ ಅವಮಾನವಲ್ಲವೇ?

‘ಅವರಿಗೆ ಅರ್ಥವಾಗದು’ ಎನ್ನುವವರಿದ್ದಾರೆ. ಎಲೆಯ ಬಣ್ಣ ನೋಡಿ ಮಣ್ಣಿನ ಹಸಿವನ್ನು ಹೇಳಬಲ್ಲವರಿಗೆ ಅರ್ಥವಾಗದುದು ವಿಜ್ಞಾನವಲ್ಲ, ಅದನ್ನು ಹೇಳುವವರ ಭಾಷೆ! ‘ಕನ್ನಡದಲ್ಲಿ ಪದಗಳಿಲ್ಲ’ ಎಂಬುದು ಇನ್ನೊಂದು ನೆಪ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದ್ದು ಕನ್ನಡದಲ್ಲಿಯೇ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಕ್ಕಳಿಗಾಗಿ ‘ಬಾಲವಿಜ್ಞಾನ’ವನ್ನು ಹೊರತಂದದ್ದೂ ಕನ್ನಡದಲ್ಲಿಯೇ. ಆದರೆ ಇಂಗ್ಲಿಷಿನ ಗೋಡೆ ಕೆಡವಿ ಸಂಸ್ಕೃತದ ಗೋಡೆ ಕಟ್ಟಿದರೆ ಪ್ರಯೋಜನವಿಲ್ಲ. ‘ದ್ಯುತಿಸಂಶ್ಲೇಷಣೆ’ ಎಂದು ಬಾಯಿಪಾಠ ಮಾಡಿಸುವ ಮೊದಲು, ಎಲೆಯು ಬಿಸಿಲಿನ ಬಲದಿಂದ ಅಡುಗೆ ಮಾಡುತ್ತದೆ ಎಂದು ಹೇಳಬಾರದೇಕೆ? ಈ ಲೇಖನದ ಗ್ರಾಂಥಿಕ ನುಡಿಯೂ ಇದೇ ದೋಷಕ್ಕೆ ಪಾತ್ರವೆಂಬುದನ್ನು ನಾವು ವಿನಯದಿಂದ ಒಪ್ಪುತ್ತೇವೆ.

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆಗಳು ನಮ್ಮ ನಡುವೆಯೇ ಇವೆ. ಆದರೆ ಕೇಂದ್ರವಿದ್ದ ಮಾತ್ರಕ್ಕೆ ಅರಿವು ಎಲ್ಲರ ಮನೆಯನ್ನು ತಲುಪದು. ತರಬೇತಿ ಹಗಲಿನಲ್ಲಿದ್ದರೆ ಕೂಲಿ ಬಿಟ್ಟು ಬರುವವರಾರು? ಕರಪತ್ರ ಹಂಚಿದರೆ ಅಕ್ಷರ ಬಾರದವರ ಗತಿಯೇನು? ಚಿತ್ರ ತೋರಿಸಿದರೆ ಕಣ್ಣಿಲ್ಲದವರಿಗೆ, ಭಾಷಣ ಮಾಡಿದರೆ ಕಿವಿ ಕೇಳದವರಿಗೆ ಏನು ದಕ್ಕಿತು? ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಘಾಟಿಗೆ ಕೆಮ್ಮುವ ತಾಯಿಗೆ ಆ ಕೆಮ್ಮಿನ ಕಾರಣವನ್ನು ಹೇಳುವವರು ಯಾರು? ದಾಸೋಹದಲ್ಲಿ ಪಂಕ್ತಿಭೇದ ಮಹಾಪಾಪವೆಂದು ನಂಬಿದ ನಾವು ಅರಿವಿನ ಪಂಕ್ತಿಯಲ್ಲಿ ಅದನ್ನು ಸಹಿಸುತ್ತಿದ್ದೇವೆ.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ. ಸಂಜೆಯ ಶಿವಾನುಭವ ಗೋಷ್ಠಿಯಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಿರಿ. ವಿಜ್ಞಾನಿಗಳನ್ನು ಆಹ್ವಾನಿಸಿರಿ; ಆದರೆ ಮೊದಲ ಮಾತು ಅವರದಾಗದಿರಲಿ. ಮುದುಡಿದ ಎಲೆ ಹಿಡಿದು ಬಂದ ರೈತ ಮೊದಲು ಕೇಳಲಿ, ಪರಾಗ ಸೋಂಕಿಸುವ ತಾಯಿ ಮೊದಲು ಕೇಳಲಿ. ಎಲೆ, ಬೀಜ, ಡಬ್ಬಿಗಳು ಕೈಯಿಂದ ಕೈಗೆ ಸಾಗಲಿ. ಹೊಲದಿಂದ ಪಡೆದ ಅರಿವನ್ನು ಹೊಲಕ್ಕೆ ಹಿಂದಿರುಗಿಸುವುದು ಉಪಕಾರವಲ್ಲ, ಋಣ ಸಂದಾಯ.