ಪರದೇಶದ ಮಕ್ಕಳೂ ನಮ್ಮ ಕಾಣಿಕೆಯ ಡಬ್ಬಿಯೂ

ಕಳೆದ ವರ್ಷದ ಹೊಲಿಗೆ ಸಾಮಾನುಗಳ ಮಾರಾಟದ ದಿವಸ ನಡೆದ ಒಂದು ಸಣ್ಣ ಸಂಗತಿಯು ಶಾಲೆಯ ಗೋಡೆಯನ್ನು ದಾಟಿ, ನಿಮ್ಮಲ್ಲಿ ಹಲವರ ಕಿವಿಗೆ ಬೇರೆ ಬೇರೆ ರೂಪದಲ್ಲಿ ಬಿದ್ದಿರುವುದರಿಂದ, ಅದರ ವಿಷಯವಾಗಿ ನನ್ನ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆಂದು ತೋರಿತು.

ನಡೆದದ್ದು ಇಷ್ಟೇ. ಹತ್ತನೆಯ ತರಗತಿಯ ಹುಡುಗಿಯರು ವಿಜ್ಞಾನದ ಪಾಠದಲ್ಲಿ ಅಣುಶಕ್ತಿಯ ವಿಷಯವನ್ನು ಕಲಿಯುವಾಗ ಚೆರ್ನೋಬಿಲಿನ ಅನಾಹುತವನ್ನು ಕೇಳಿ ಮನಮರುಗಿ, ಅಲ್ಲಿಯ ಮಕ್ಕಳಿಗಾಗಿ ಒಂದು ಕಾಣಿಕೆಯ ಡಬ್ಬಿಯನ್ನಿಡಲು ನನ್ನ ಅಪ್ಪಣೆ ಬೇಡಿದರು. ಸಂತೋಷದಿಂದ ಕೊಟ್ಟೆನು. ಮಾರಾಟದ ದಿವಸ ಬೆಳಿಗ್ಗೆ ಬಂದು ನೋಡಿದರೆ ಡಬ್ಬಿಯ ಹಿಂದೆ ಒಂದು ದೊಡ್ಡ ಪಟವು ಅಂಟಿಸಲ್ಪಟ್ಟಿತ್ತು: ತಲೆ ಊದಿಕೊಂಡು, ಕೈಕಾಲು ತಿರುಚಿ, ಮೈಮೇಲೆ ಬಟ್ಟೆಯಿಲ್ಲದೆ ಮಲಗಿದ್ದ ಒಂದು ಕೂಸಿನ ಪಟ. ನಾನು ಪಟವನ್ನು ತೆಗೆಯಿಸಿದೆನು. ಡಬ್ಬಿಯು ಇದ್ದಲ್ಲೇ ಇರಲೆಂದೆನು. ಹುಡುಗಿಯರು ಎರಡು ದಿವಸ ನನ್ನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬ ತಂದೆಯವರು ಆಫೀಸಿಗೆ ಬಂದು, "ಒಳ್ಳೆಯ ಕೆಲಸಕ್ಕೆ ನೀವೇ ಅಡ್ಡ ಬರುವುದೇ, ಟೀಚರೇ?" ಎಂದು ಕೇಳಿದರು. ಒಬ್ಬ ತಾಯಿಯವರ ಆಕ್ಷೇಪಣೆಯು ಇದಕ್ಕೆ ವಿರುದ್ಧವಾದದ್ದು: "ನಮ್ಮ ಊರಿನ ಮಕ್ಕಳಿಗಿಲ್ಲದ ಹಣ ಸಮುದ್ರದಾಚೆಗೆ ಯಾಕೆ?" ಎರಡು ಪ್ರಶ್ನೆಗಳೂ ಉತ್ತರಕ್ಕೆ ಯೋಗ್ಯವಾದವುಗಳೇ.

ಮೊದಲು ಸಂಗತಿಯನ್ನು ಹೇಳುವೆನು, ಯಾಕಂದರೆ ಈಗಿನ ಮಕ್ಕಳ ತಾಯಂದಿರಲ್ಲಿ ಅನೇಕರು ಆಗ ಹಸುಳೆಗಳು. ೧೯೮೬ನೆಯ ಇಸವಿಯ ಏಪ್ರಿಲ್ ೨೬ನೆಯ ತಾರೀಖು ಬೆಳಗಿನ ಜಾವ ಒಂದೂವರೆ ಘಂಟೆಯ ಸುಮಾರಿಗೆ, ಆಗ ಸೋವಿಯೆಟ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನಲ್ಲಿ, ಚೆರ್ನೋಬಿಲ್ ವಿದ್ಯುತ್ ಸ್ಥಾವರದ ೪ನೆಯ ರಿಯಾಕ್ಟರು ಒಂದು ಪರೀಕ್ಷೆಯ ಕಾಲದಲ್ಲಿ ಸಿಡಿದು, ಸುಮಾರು ಹತ್ತು ದಿವಸ ವಿಕಿರಣದ ಧೂಳನ್ನು ಆಕಾಶಕ್ಕೆ ಉಗುಳುತ್ತಿತ್ತು. ಹತ್ತಿರದಲ್ಲೇ ಪ್ರಿಪ್ಯಾತ್ ಎಂಬ ಪಟ್ಟಣ, ಅದರಲ್ಲಿ ಸುಮಾರು ೪೯,೦೦೦ ಜನ. ಅದು ಶನಿವಾರವಾಗಿತ್ತು, ಮಕ್ಕಳು ಎಂದಿನಂತೆ ಶಾಲೆಗೆ ಹೋದರು. ಉಪಾಧ್ಯಾಯಿನಿಯಾದ ನನಗೆ ಈ ಒಂದು ಸಂಗತಿಯನ್ನು ಓದಿದಾಗಲೆಲ್ಲಾ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಾಜರಿ ಪುಸ್ತಕವನ್ನು ತೆರೆದು, ಹೆಸರು ಕರೆದು, ಕಿಟಕಿಗಳನ್ನು ತೆರೆದಿಟ್ಟ ಆ ಉಪಾಧ್ಯಾಯಿನಿಯರಿಗೆ ಯಾರು ತಿಳಿಸಿದ್ದರು? ಮರುದಿವಸ ಮಧ್ಯಾಹ್ನ ಬಸ್ಸುಗಳು ಬಂದು, ಮೂರು ದಿವಸದ ಮಟ್ಟಿಗೆ ಎಂದು ಹೇಳಿ, ಊರಿಗೆ ಊರನ್ನೇ ಸಾಗಿಸಿದುವು. ಆ ಮೂರು ದಿವಸಗಳು ಇನ್ನೂ ಮುಗಿದಿಲ್ಲ. ಮೇ ೧ರಂದು ಕೀವ್ ನಗರದಲ್ಲಿ ಮಕ್ಕಳನ್ನೂ ಸೇರಿಸಿಕೊಂಡು ಮೆರವಣಿಗೆಯು ನಡೆಯಿತು. ಗಾಳಿಯು ಉತ್ತರಕ್ಕೆ ಬೀಸಿದ ಕಾರಣ ನೆರೆಯ ಬೆಲಾರುಸಿನ ಗೋಮೆಲ್, ಮೊಗಿಲೇವ್ ಸೀಮೆಗಳ ಹೊಲಗಳ ಮೇಲೆಯೂ ಕಾಡುಗಳ ಮೇಲೆಯೂ ಆ ಧೂಳು ಮಳೆಯೊಡನೆ ಇಳಿಯಿತು.

ಮಕ್ಕಳಿಗೆ ಕೇಡು ಬಂದದ್ದು ಹಾಲಿನಿಂದ. ಧೂಳಿನಲ್ಲಿದ್ದ ಅಯೊಡಿನ್ ಹುಲ್ಲಿನ ಮೇಲೆ ಬಿತ್ತು. ಹಸು ಹುಲ್ಲನ್ನು ಮೇಯಿತು. ತಾಯಿಯು ಹಾಲನ್ನು ಕರೆದು, ಕಾಸಿ, ಮಗುವಿಗೆ ಕುಡಿಸಿದಳು. ಕಾಸಿದರೆ ಹೋಗುವ ವಿಷವಲ್ಲ ಅದು. ಕುತ್ತಿಗೆಯಲ್ಲಿರುವ ಥೈರಾಯಿಡ್ ಎಂಬ ಗ್ರಂಥಿಯು ಅಯೊಡಿನನ್ನು ಎಲ್ಲಿಂದಾದರೂ ಹೀರಿಕೊಳ್ಳುತ್ತದೆ. ಒಳನಾಡಿನ ಆ ಸೀಮೆಯವರ ಊಟದಲ್ಲಿ ಅಯೊಡಿನ್ ಮೊದಲೇ ಕಡಿಮೆಯಾದ್ದರಿಂದ ಮಕ್ಕಳ ಗ್ರಂಥಿಗಳು ಅದನ್ನು ಹಸಿದವರಂತೆ ಹೀರಿದುವು. ಈ ವಿಷದ ಬಲವು ಎಂಟು ದಿವಸಕ್ಕೆ ಅರ್ಧವಾಗುತ್ತದೆ. ಎರಡು ಮೂರು ತಿಂಗಳು ಹೊಸ ಹಾಲನ್ನು ನಿಲ್ಲಿಸಿದ್ದರೆ ಬಹಳ ಮಕ್ಕಳು ಉಳಿಯುತ್ತಿದ್ದರು. ಪೋಲೆಂಡ್ ದೇಶದವರು ಕೆಲವೇ ದಿವಸಗಳೊಳಗೆ ಒಂದು ಕೋಟಿಗಿಂತ ಹೆಚ್ಚು ಮಕ್ಕಳಿಗೆ ಶುದ್ಧವಾದ ಅಯೊಡಿನನ್ನು ಕುಡಿಸಿ, ಎಳೆಯರಿಗೆ ಹಾಲಿನ ಪುಡಿಯನ್ನು ಹಂಚಿದರು. ಬೆಲಾರುಸ್, ಯುಕ್ರೇನ್, ರಷ್ಯಗಳಲ್ಲಿಯೋ, ಆ ಕಾಲದಲ್ಲಿ ಹದಿನೆಂಟು ವರ್ಷದೊಳಗಿನವರಾಗಿದ್ದವರಲ್ಲಿ ೨೦೦೫ರ ವರೆಗೆ ೬,೦೦೦ಕ್ಕೂ ಹೆಚ್ಚು ಜನರಿಗೆ ಥೈರಾಯಿಡಿನ ಕ್ಯಾನ್ಸರು ಕಂಡುಬಂತೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳು ಬರೆದಿರುತ್ತಾರೆ. ಅವರಲ್ಲಿ ಬಹುಮಂದಿ ಶಸ್ತ್ರಚಿಕಿತ್ಸೆಯಿಂದ ಬದುಕಿ, ಕುತ್ತಿಗೆಯಲ್ಲಿ ಗೀರಿನಂಥ ಗಾಯದ ಗುರುತನ್ನು ಹೊತ್ತು, ದಿನವೂ ಮಾತ್ರೆ ನುಂಗುತ್ತಾ ಈಗ ತಾವೇ ತಾಯ್ತಂದೆಗಳಾಗಿದ್ದಾರೆ.

ಇನ್ನು ಧರ್ಮಕಾರ್ಯದ ಸಂಗತಿ. ಬೆಲಾರುಸಿನ ವೈದ್ಯರ ಮೊರೆಯನ್ನು ಕೇಳಿ ಐರ್ಲೆಂಡಿನ ಏಡೀ ರೋಶ್ ಎಂಬಾಕೆ ೧೯೯೧ರಲ್ಲಿ ಆರಂಭಿಸಿದ ಸಂಸ್ಥೆಯ ಮೂಲಕ ೨೫,೦೦೦ಕ್ಕಿಂತ ಹೆಚ್ಚು ಮಕ್ಕಳು ಆ ಚಿಕ್ಕ ದೇಶದ ಮನೆಗಳಲ್ಲಿ ಕೆಲವು ವಾರ ತಂಗಿ ಹೋಗಿದ್ದಾರೆ. ೨೦೧೬ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಬೆಲಾರುಸ್ ದೇಶವು ತಾನು ಮಾತಾಡಬೇಕಾಗಿದ್ದ ಸಮಯವನ್ನು ಈಕೆಗೆ ಬಿಟ್ಟುಕೊಟ್ಟಿತು. ಇಟಲಿ, ಜರ್ಮನಿ, ಇಂಗ್ಲೆಂಡುಗಳ ಕುಟುಂಬಗಳೂ ಸಭೆಗಳೂ ಹೀಗೆಯೇ ಬಾಗಿಲು ತೆರೆದರು. ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಕ್ಯೂಬಾ. ೧೯೯೦ರಲ್ಲಿ ಹವಾನಾದ ಬಳಿಯ ತರಾರಾ ಎಂಬ ಕಡಲತೀರದ ಊರಿನಲ್ಲಿ ಅವರು ಆಸ್ಪತ್ರೆ, ಶಾಲೆ, ವಸತಿಗಳನ್ನು ಸಿದ್ಧಪಡಿಸಿ ಮಕ್ಕಳನ್ನು ಕರೆಯಿಸಿಕೊಂಡರು. ಮರುವರ್ಷವೇ ಸೋವಿಯೆಟ್ ಒಕ್ಕೂಟವು ಒಡೆದುಹೋಗಿ, ಕ್ಯೂಬಾಕ್ಕೆ ಎಣ್ಣೆಯೂ ಧಾನ್ಯವೂ ಬರುವುದು ನಿಂತು, ಅಲ್ಲಿಯ ಜನರೇ ಅರೆಹೊಟ್ಟೆಯಲ್ಲಿರಬೇಕಾಯಿತು. ಆದರೂ ಕೆಲಸವು ೨೦೧೧ರ ವರೆಗೆ ನಡೆದು, ೨೦,೦೦೦ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಚಿಕಿತ್ಸೆ ಪಡೆದರು. ಅವರ ರಾಜ್ಯಪದ್ಧತಿಯನ್ನು ಮೆಚ್ಚದವರು ನಮ್ಮಲ್ಲಿ ಉಂಟು, ನಾನೂ ಎಲ್ಲವನ್ನು ಮೆಚ್ಚುವವಳಲ್ಲ. ಆದರೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಭಾನುವಾರ ಶಾಲೆಯಲ್ಲಿ ಕಲಿಸುವ ನಾವು ಇದನ್ನು ಕಾಣದವರಂತೆ ಇರಲಾಗದು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಐರ್ಲೆಂಡಿನಲ್ಲಿ ದಾದಿಯಾಗಿದ್ದಾಳೆ. ನೆರೆಮನೆಗೆ ಬೇಸಗೆಯಲ್ಲಿ ಬಂದಿದ್ದ ಒಂದು ಹುಡುಗಿಯ ವಿಷಯವನ್ನು ಅವಳು ನನಗೆ ಬರೆದಿದ್ದಳು. ಮನೆಯ ಮಕ್ಕಳೆಲ್ಲಾ ಹುಲ್ಲಿನ ಮೇಲೆ ಹೊರಳಾಡುತ್ತಿದ್ದರೆ ಈ ಹುಡುಗಿ ಮಾತ್ರ ಮೆಟ್ಟಲ ಮೇಲೆ ಕೂತಿದ್ದಳಂತೆ. ಹುಲ್ಲಿನ ಮೇಲೆ ಕೂರಬಾರದು, ಕಾಡಿನ ಹಣ್ಣು ಕೀಳಬಾರದು, ಅಣಬೆ ಮುಟ್ಟಬಾರದು ಎಂದು ಕೇಳಿಯೇ ಬೆಳೆದವಳು. ಒಂದು ವಾರವಾದ ಮೇಲೆ ಚಪ್ಪಲಿ ಕಳಚಿ ಇಳಿದಳಂತೆ.

ಇಂಥ ಒಂದು ತಿಂಗಳಿನಿಂದ ಆಗುವ ಉಪಕಾರವೆಷ್ಟು? ಸೀಸಿಯಂ ಎಂಬ ಇನ್ನೊಂದು ವಸ್ತುವು ನೆಲದಲ್ಲಿ ಮೂವತ್ತು ವರ್ಷಕ್ಕೆ ಅರ್ಧವಾಗುವಂಥದ್ದು. ಮೈಯೊಳಗೆ ಹೋದದ್ದು ಮಾತ್ರ ಶುದ್ಧವಾದ ಆಹಾರವನ್ನು ತಿಂದರೆ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಬಹಳ ಮಟ್ಟಿಗೆ ಇಳಿಯುತ್ತದೆ. ಊರಿಗೆ ಹಿಂದಿರುಗಿ ಅದೇ ಅಣಬೆ, ಅದೇ ಹಾಲು ಎಂದಾದರೆ ಮರಳಿ ಏರುತ್ತದೆ. ಆದಕಾರಣ ಆ ತಿಂಗಳು ಔಷಧವೆಂದು ಹೇಳುವುದಕ್ಕಿಂತ ವಿಶ್ರಾಂತಿಯೆಂದು ಹೇಳುವುದೇ ಸತ್ಯಕ್ಕೆ ಸಮೀಪ. ವಿಶ್ರಾಂತಿಯು ಅಲ್ಪವೆಂದು ನಾನು ಹೇಳುವುದಿಲ್ಲ.

ಈಗ ಪಟದ ಸಂಗತಿಗೆ ಬರುವೆನು. ೨೦೦೫ರಲ್ಲಿ ವಿಶ್ವಸಂಸ್ಥೆಯ ಹಲವು ಶಾಖೆಗಳೂ ಆ ಮೂರು ದೇಶಗಳ ಸರಕಾರಗಳೂ ಕೂಡಿ ಪ್ರಕಟಿಸಿದ ವರದಿಯಲ್ಲಿ, ಥೈರಾಯಿಡಿನ ಕ್ಯಾನ್ಸರು ವಿಕಿರಣದಿಂದ ಬಂತೆಂಬುದು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಹುಟ್ಟಿನಿಂದ ಬರುವ ಅಂಗವಿಕಲತೆಗಳು ಇದರಿಂದ ಹೆಚ್ಚಿದುವೆಂಬುದಕ್ಕೆ ಆಧಾರವು ಕಾಣಲಿಲ್ಲವೆಂದೂ ಹೇಳಲ್ಪಟ್ಟಿದೆ. ಇದನ್ನು ಒಪ್ಪದ ವೈದ್ಯರೂ ಇದ್ದಾರೆ, ವಾದವು ಮುಗಿದಿಲ್ಲ. ಆದರೆ ಅಂಗವಿಕಲ ಕೂಸುಗಳು ಜಗತ್ತಿನ ಎಲ್ಲಾ ದೇಶಗಳಲ್ಲಿಯೂ, ನಮ್ಮ ಕೇರಿಯಲ್ಲಿಯೂ, ಹುಟ್ಟುತ್ತವೆ. ಅವುಗಳಲ್ಲಿ ಒಂದರ ಪಟವನ್ನು ತೆಗೆದು, ಚೆರ್ನೋಬಿಲಿನ ಹೆಸರನ್ನು ಅಂಟಿಸಿ, ಹಣದ ಡಬ್ಬಿಯ ಹಿಂದೆ ನಿಲ್ಲಿಸಿದರೆ, ಕೊಡುವವನಿಗೆ ನಾವು ನಿಶ್ಚಯವಿಲ್ಲದ ಮಾತನ್ನು ನಿಶ್ಚಯವೆಂದು ಹೇಳಿದಂತಾಯಿತು. ಲೆಕ್ಕದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದರೆ ಹುಡುಗಿಯರನ್ನು ಮತ್ತೆ ಕೂಡಿಸಲು ಹೇಳುವ ನಾನು ಇದನ್ನು ಬಿಡುವುದು ಹೇಗೆ? ಅದೇ ವರದಿಯು ಮತ್ತೊಂದು ಮಾತನ್ನು ಹೇಳುತ್ತದೆ. ಅನಾಹುತದ ಅತಿ ದೊಡ್ಡ ಹಾನಿಯು ಜನರ ಮನಸ್ಸಿಗಾದದ್ದು; ತಾವು ರೋಗಿಷ್ಠರು, ಆಯುಷ್ಯವಿಲ್ಲದವರು, ಕೈಲಾಗದವರು ಎಂದು ಅವರು ನಂಬಿಕೊಂಡುಬಿಟ್ಟರು. ಅವರಿಗೆ ಹಾಗೆ ನಂಬಿಸುವುದರಲ್ಲಿ ದೂರದ ಕರುಣಾಶೀಲರ ಪಟಗಳಿಗೂ ಪಾಲು ಇದ್ದಿರಬೇಕೆಂದು ನನ್ನ ಅಭಿಪ್ರಾಯ.

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕು. ಇದುವರೆಗೆ ಶಾಲೆಯಲ್ಲಿ ಹೇಳಿದ್ದಿಲ್ಲ. ನಾನು ಬೋರ್ಡಿಂಗಿನಲ್ಲಿ ಬೆಳೆದವಳು. ನನ್ನ ಊಟ, ಬಟ್ಟೆ, ಪುಸ್ತಕಗಳ ಹಣವು ಸಮುದ್ರದಾಚೆಯ ಒಂದು ಕುಟುಂಬದಿಂದ ಬರುತ್ತಿತ್ತು. ವರ್ಷಕ್ಕೊಮ್ಮೆ ಅವರಿಗೆ ನಮ್ಮ ಪಟವೂ ಕಾಗದವೂ ಹೋಗಬೇಕು. ನನಗೆ ಒಂಬತ್ತು ವರ್ಷವಾಗಿದ್ದಾಗ ಪಟ ತೆಗೆಯುವವರು ಬಂದ ದಿವಸ ನಾನು ಅಮ್ಮ ಹೊಲಿದು ಕಳುಹಿಸಿದ್ದ ಹೊಸ ಲಂಗವನ್ನು ಉಟ್ಟು, ಎಣ್ಣೆ ಹಾಕಿ ಎರಡು ಜಡೆ ಹೆಣೆದು ನಿಂತೆನು. ಉಸ್ತುವಾರಿ ನೋಡುತ್ತಿದ್ದವರು, "ಇದು ಬೇಡ, ಹಳೆಯದನ್ನು ಉಟ್ಟುಕೊಂಡು ಬಾ" ಎಂದರು. ಅವರು ಕೆಟ್ಟವರಲ್ಲ, ನಮಗಾಗಿ ಬಹಳ ಪಾಡುಪಟ್ಟವರು. ಹಣವು ನಿಂತುಹೋದರೆ ನಾಳೆ ಇವರಿಗೆ ಗಂಜಿ ಎಲ್ಲಿಂದ ಎಂಬ ಚಿಂತೆ ಅವರಿಗೆ. ನಾನು ಹಳೆಯ ಲಂಗವನ್ನುಟ್ಟು ಬಂದೆನು. ಆ ಹಣದಿಂದಲೇ ನಾನು ಓದಿ, ಟ್ರೈನಿಂಗ್ ಮುಗಿಸಿ, ಇಂದು ಈ ಮೇಜಿನ ಮುಂದೆ ಕೂತಿದ್ದೇನೆ. ಆ ಕುಟುಂಬಕ್ಕೆ ನಾನು ಸಾಯುವ ವರೆಗೂ ಋಣಿ. ಆದರೂ ಆ ಪಟವು ಯಾವುದೋ ಪರದೇಶದ ಮನೆಯ ಗೋಡೆಯ ಮೇಲೆ ಇರಬಹುದೆಂದು ನೆನೆದಾಗ ಈಗಲೂ ನನಗೆ ನಾಚಿಕೆಯಾಗುತ್ತದೆ. ಡಬ್ಬಿಯ ಹಿಂದಿನ ಕೂಸಿಗೆ, ಬದುಕಿದ್ದರೆ, ಈಗ ವಯಸ್ಸೆಷ್ಟು? ತನ್ನ ಬೆತ್ತಲೆ ಪಟವು ನಮ್ಮ ಶಾಲೆಯ ಮಾರಾಟದಲ್ಲಿ ನಿಂತಿರುವುದಕ್ಕೆ ಅದು ಒಪ್ಪಿತ್ತೇ? ಆ ತಂದೆಯವರ ಪ್ರಶ್ನೆಗೆ ನನ್ನ ಉತ್ತರವು ಇದೇ.

ಪ್ರೀತಿಯೂ ಎಲ್ಲೆ ಮೀರುವುದುಂಟು. ೨೦೦೬ರಲ್ಲಿ ಇಟಲಿಯ ಒಂದು ಕುಟುಂಬವು ತಮ್ಮಲ್ಲಿಗೆ ಬಂದಿದ್ದ ಅನಾಥಾಲಯದ ಹುಡುಗಿಯನ್ನು, ಅಲ್ಲಿ ಅವಳಿಗೆ ಕಷ್ಟವೆಂದು ಹೇಳಿ, ಕಳುಹಿಸದೆ ಬಚ್ಚಿಟ್ಟಿತು. ೨೦೦೮ರಲ್ಲಿ ಅಮೆರಿಕಕ್ಕೆ ಹೋದ ಒಬ್ಬ ಹುಡುಗಿ ಹಿಂದಿರುಗಲು ಒಪ್ಪಲಿಲ್ಲ. ಬೆಲಾರುಸ್ ಸರಕಾರವು ಕೋಪಗೊಂಡು, ದೇಶಗಳು ಕರಾರು ಬರೆದುಕೊಟ್ಟ ಹೊರತು ಮಕ್ಕಳನ್ನು ಕಳುಹಿಸೆವೆಂದಿತು. ಸಾವಿರಾರು ಮಕ್ಕಳ ಪ್ರಯಾಣಕ್ಕೆ ಅಡ್ಡಿಯಾಯಿತು. ಆ ಇಟಲಿಯ ತಾಯಿಯನ್ನು ದೂಷಿಸಲು ನನಗೆ ಬಾಯಿ ಬರುವುದಿಲ್ಲ. ಆದರೆ ತಿಂಗಳ ಮಟ್ಟಿಗೆ ಸುಖವನ್ನು ತೋರಿಸಿ ಹಿಂದಕ್ಕೆ ಕಳುಹಿಸುವುದು ಮಗುವಿನ ಮೇಲೆ ಎಂಥ ಭಾರವೆಂಬುದನ್ನು, ರಜೆ ಮುಗಿದು ಬೋರ್ಡಿಂಗಿಗೆ ಮರಳಿದ ನಾವು ಬಲ್ಲೆವು.

ಜಪಾನಿನ ಮಾತನ್ನೂ ಒಂದು ಸಾಲಿನಲ್ಲಿ ಹೇಳಬೇಕು. ೨೦೧೧ರ ಮಾರ್ಚ್ ೧೧ರ ಭೂಕಂಪ, ಸುನಾಮಿಗಳ ತರುವಾಯ ಫುಕುಶಿಮದಿಂದ ಬೇರೆ ಊರಿಗೆ ಹೋದ ಮಕ್ಕಳಲ್ಲಿ ಕೆಲವರನ್ನು ಹೊಸ ಶಾಲೆಯ ಸಹಪಾಠಿಗಳೇ ಕ್ರಿಮಿಯೆಂದು ಕರೆದು ಪೀಡಿಸಿದರು. ಇದು ತರಗತಿಯೊಳಗೆ ಆದ ಕೇಡು, ಉಪಾಧ್ಯಾಯಿನಿಯರ ಎದುರಿಗೇ ಆದದ್ದು.

ತಾಯಿಯವರ ಪ್ರಶ್ನೆಯು ಉಳಿಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಜಿಲ್ಲೆಯ ಕೊಕ್ಕಡದ ಸುತ್ತಲಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸಿದರು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಅಲ್ಲಿಯ ತಾಯಂದಿರು ಬೆಳೆದ ಮಕ್ಕಳನ್ನು ಇನ್ನೂ ಎತ್ತಿಕೊಂಡೇ ತಿರುಗುತ್ತಾರೆ. ಗಾಳಿಯಲ್ಲಿ ಬಂದ ಕಾಣದ ವಿಷ, ತಡವಾಗಿ ಬಂದ ತಿಳುವಳಿಕೆ, ಎರಡೂ ಕಡೆ ಒಂದೇ. ಆದರೆ ಹುಡುಗಿಯರಿಗೆ ಕೊಕ್ಕಡವನ್ನು ನೆನಪಿಗೆ ತಂದದ್ದು ಚೆರ್ನೋಬಿಲ್ ಎಂಬುದನ್ನು ಆ ತಾಯಿಯವರು ಗಮನಿಸಬೇಕು. ಅದಕ್ಕೆ ಮುಂಚೆ ನಾವು ಎಷ್ಟು ಸಲ ಡಬ್ಬಿ ಇಟ್ಟಿದ್ದೆವು? ಒಂದು ಸಲವೂ ಇಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ೨೦೦೦ದಿಂದ ಅಣುಸ್ಥಾವರವು ನಡೆಯುತ್ತಿರುವಾಗ, ಹಾಲಿನ ಮತ್ತು ಅಯೊಡಿನಿನ ಪಾಠವು ನಮ್ಮ ಹುಡುಗಿಯರಿಗೆ ಕೇವಲ ಪರದೇಶದ ಸುದ್ದಿಯೂ ಅಲ್ಲ.

ಮಾರಾಟದ ಸಂಜೆ ಡಬ್ಬಿಯನ್ನು ಎಲ್ಲರ ಮುಂದೆ ತೆರೆದಾಗ ೪,೩೬೫ ರೂಪಾಯಿ ಇದ್ದುವು. ಪಟವಿದ್ದರೆ ಇದರ ಇಮ್ಮಡಿ ಆಗುತ್ತಿತ್ತೆಂದು ಒಬ್ಬ ಹುಡುಗಿ ಹೇಳಿದಳು. ಅವಳ ಮಾತು ನಿಜವಿರಬಹುದು. ಹುಡುಗಿಯರೇ ಸಭೆ ಕೂಡಿ, ಅರ್ಧವನ್ನು ಕೊಕ್ಕಡದ ಮಕ್ಕಳಿಗೆಂದು ಗೊತ್ತುಮಾಡಿ, ತಾವೇ ಹೋಗಿ ನೋಡಿ ಕೊಟ್ಟುಬಂದರು. ಹೋಗುವಾಗ ಯಾರೂ ಪಟ ತೆಗೆಯಕೂಡದೆಂಬುದು ಅವರೇ ಮಾಡಿದ ನಿಯಮ. ಉಳಿದರ್ಧವನ್ನು ಚೆರ್ನೋಬಿಲ್ ಸೀಮೆಯ ಮಕ್ಕಳಿಗೆ ತಲಪಿಸುವುದು ಸುಲಭವಲ್ಲ. ೨೦೨೦ರ ಸಾಂಕ್ರಾಮಿಕದಿಂದ ಮಕ್ಕಳ ಪ್ರಯಾಣಗಳು ನಿಂತುವು; ೨೦೨೨ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯವು ಆ ಸ್ಥಾವರವನ್ನೇ ಹಿಡಿದು ಒಂದು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಕೂತಿತ್ತು. ಐರ್ಲೆಂಡಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯು ವಿಚಾರಿಸಿ ತಿಳಿಸುವೆನೆಂದು ಬರೆದಿದ್ದಾಳೆ. ಅಲ್ಲಿಯ ವರೆಗೆ ಆ ಹಣವು ಶಾಲೆಯ ಲೆಕ್ಕದಲ್ಲಿ ಬೇರೆಯಾಗಿ ಬರೆದಿಡಲ್ಪಟ್ಟಿದೆ. ಬಂದು ನೋಡಬೇಕೆನ್ನುವವರಿಗೆ ಪುಸ್ತಕವನ್ನು ತೋರಿಸುವೆನು. ಡಬ್ಬಿಯು ನನ್ನ ಮೇಜಿನ ಮೇಲೆ ಉಂಟು, ಬೀಗದ ಕೈ ಹುಡುಗಿಯರ ಹತ್ತಿರ ಉಂಟು.