ತುದಿಯೊಂದೇ, ವೇಗ ಬೇರೆ

ಗೃಹಸ್ಥರ ಮನೆಯಲ್ಲಿ ಇಂದು ಸೂಜಿ-ದಾರದ ಡಬ್ಬಿ ಇಲ್ಲದಿರಬಹುದು. ಚಾರ್ಜರ್ ಕೇಬಲ್ಲುಗಳ ಗಂಟೊಂದು ಇಲ್ಲದೆ ಇರದು. ಫೋನು ಬದಲಾದಂತೆಲ್ಲ ಒಂದೊಂದು ಕೇಬಲ್ಲು ಬಂದು ಸೇರಿ, ಯಾವುದು ಯಾವುದರದೆಂಬ ಗುರುತೇ ಉಳಿಯುವುದಿಲ್ಲ. ತುದಿ ಹೊಂದಿತೆಂದರೆ ಸಾಕು, ಕೈಗೆ ಸಿಕ್ಕಿದ್ದನ್ನು ಚುಚ್ಚುವುದು ರೂಢಿ. ಫೋನಿಗೆ ವಿದ್ಯುತ್ತು ಹರಿಸುವ ಮಟ್ಟಿಗೆ ಇದರಿಂದ ಕೇಡಿಲ್ಲ. ಆದರೆ ಮನೆತನದ ಭಾವಚಿತ್ರ, ವಿಡಿಯೋ, ಧ್ವನಿಮುದ್ರಣಗಳನ್ನು ಕೂಡಿಡಲೆಂದು ಎಸ್‌ಎಸ್‌ಡಿಯನ್ನು ಕೊಂಡವರು ಈ ರೂಢಿಯನ್ನು ಬಿಡಬೇಕಾಗುತ್ತದೆ. ಎಸ್‌ಎಸ್‌ಡಿ ಎಂದರೆ ಹಾರ್ಡ್ ಡಿಸ್ಕಿನಂತೆ ಒಳಗೆ ತಿರುಗುವ ತಟ್ಟೆಯಿಲ್ಲದ, ಅಂಗೈಯಲ್ಲಿ ಅಡಗುವ ಶೇಖರಣ ಸಾಧನ. ವೇಗವೇ ಅದರ ಹೆಗ್ಗಳಿಕೆ. ಆ ವೇಗ ನಮ್ಮ ಕೈಗೆ ದಕ್ಕುವುದೂ ದಕ್ಕದಿರುವುದೂ ನಡುವಿನ ಕೇಬಲ್ಲನ್ನು ಅವಲಂಬಿಸಿದೆ.

ಸಂತಾನ ವೇಣುಗೋಪಾಲಸ್ವಾಮಿಯ ದೇಗುಲದಿಂದ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಹೆಮ್ಮರಗಾಲದಿಂದ ಓದುಗರೊಬ್ಬರು ಬರೆದಿರುವ ಪತ್ರವೇ ಈ ತಿಂಗಳ ಬರಹಕ್ಕೆ ಕಾರಣ. ಅವರ ಹಿರಿಯ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಮನೆಯ ಮದುವೆಗಳ ವಿಡಿಯೋಗಳು, ಗತಿಸಿದ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ, ಎಲ್ಲವೂ ಅವನ ಲ್ಯಾಪ್‌ಟಾಪಿನಲ್ಲಿದ್ದವು; ಒಟ್ಟು ೪೦೦ ಗಿಗಾಬೈಟು. ಗೌರಿ ಹಬ್ಬಕ್ಕೆ ಬಂದವನು ಊರಿನ ಮನೆಗೊಂದು ಪ್ರತಿ ಇರಲೆಂದು ಹೊಸ ಎಸ್‌ಎಸ್‌ಡಿ ತಂದಿದ್ದ. ಹೊರಡುವ ದಿನ ಒಂದು ಗಂಟೆಯ ಬಿಡುವಿನಲ್ಲಿ ಪ್ರತಿ ಮಾಡಲು ಕುಳಿತಾಗ ಅದರೊಡನೆ ಬಂದಿದ್ದ ಗಿಡ್ಡ ಕೇಬಲ್ಲು ಕಾಣಲಿಲ್ಲ. ಫೋನಿನ ಕೇಬಲ್ಲನ್ನು ಹಾಕಿದರು. ಪರದೆಯ ಮೇಲೆ ಮೂರು ಗಂಟೆಗೂ ಮಿಕ್ಕ ಅವಧಿ ಮೂಡಿತು. ಬಸ್ಸಿನ ವೇಳೆಗೆ ಮೂರರಲ್ಲಿ ಒಂದು ಪಾಲು ಮಾತ್ರ ಮುಗಿದಿತ್ತು. ಸಾಲಿನಲ್ಲಿ ಮದುವೆಯ ವಿಡಿಯೋಗಳು ಮೊದಲಿದ್ದವು. ಅಜ್ಜಿಯ ಹಾಡುಗಳ ಸರದಿ ಬರಲೇ ಇಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪಿನ ಡಿಸ್ಕು ಕೆಟ್ಟು, ರಿಪೇರಿಯವರು ಕೈಚೆಲ್ಲಿದರು. ‘ಎಸ್‌ಎಸ್‌ಡಿಯೇ ದೋಷದ್ದೇ? ಬದಲಿಸಬೇಕೆ?’ ಎಂಬುದು ಅವರ ಪ್ರಶ್ನೆ.

ಎಸ್‌ಎಸ್‌ಡಿಯನ್ನು ಬದಲಿಸಬೇಕಾಗಿಲ್ಲ. ಅವರು ತಿಳಿಸಿರುವ ವಿವರಗಳನ್ನು ನೋಡಿದರೆ ಅದು ಸರಿಯಾಗಿಯೇ ಇದೆ. ತಡೆ ಇದ್ದದ್ದು ಕೇಬಲ್ಲಿನಲ್ಲಿ.

ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂದದ್ದು ೧೯೯೬ರಲ್ಲಿ. ಅದನ್ನು ರೂಪಿಸಿದ ಇಂಟೆಲ್ ಸಂಸ್ಥೆಯ ತಂಡದ ಮುಂದಾಳು ಬರೋಡದಲ್ಲಿ ಓದಿದ ಅಜಯ್ ಭಟ್ ಅವರೆಂಬುದು ನಮ್ಮವರಿಗೆ ಹೆಮ್ಮೆಯ ಸಂಗತಿ. ೨೦೦೦ದಲ್ಲಿ ಬಂದ ಯುಎಸ್‌ಬಿ ೨.೦ ಸೆಕೆಂಡಿಗೆ ೪೮೦ ಮೆಗಾಬಿಟ್ ಸಾಗಿಸಬಲ್ಲುದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದಕಾರಣ ಲೆಕ್ಕದಲ್ಲಿ ಇದು ೬೦ ಮೆಗಾಬೈಟು, ಬಳಕೆಯಲ್ಲಿ ಸುಮಾರು ೩೫ರಿಂದ ೪೦. ೨೦೦೮ರ ಯುಎಸ್‌ಬಿ ೩.೦ ಸೆಕೆಂಡಿಗೆ ೫ ಗಿಗಾಬಿಟ್, ಅಂದರೆ ಹತ್ತು ಪಟ್ಟು. ೨೦೧೩ರಲ್ಲಿ ಅದು ೧೦ ಗಿಗಾಬಿಟ್ಟಿಗೆ ಏರಿತು. ಈ ಏರಿಕೆಗೆ ಒಳಗಿನ ತಂತಿಗಳೇ ಕಾರಣ. ೨.೦ ಕೇಬಲ್ಲಿನೊಳಗೆ ನಾಲ್ಕೇ ತಂತಿ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ೩.೦ರಲ್ಲಿ ಮತ್ತೈದು ಸೇರಿ ಒಂಬತ್ತಾಯಿತು. ಆ ಹೆಚ್ಚಿನ ತಂತಿಗಳಿಲ್ಲದ ಕೇಬಲ್ಲು ಎಷ್ಟೇ ಹೊಸದಾಗಿರಲಿ, ವೇಗ ಹಳೆಯದೇ.

೨೦೧೪ರಲ್ಲಿ ಟೈಪ್-ಸಿ ಎಂಬ, ಮೇಲು-ಕೆಳಗಿಲ್ಲದ ತುದಿ ಬಂದಿತು. ಅದು ತುದಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಫೋನಿನ ಚಾರ್ಜರಿನೊಡನೆ ಬರುವ ಟೈಪ್-ಸಿ ಕೇಬಲ್ಲುಗಳಲ್ಲಿ ಬಹುಪಾಲು ೨.೦ ವೇಗದವೇ. ೨೦೨೩ರಲ್ಲಿ ಬಂದ ಐಫೋನ್ ೧೫ ಪ್ರೋ ತಾನು ೧೦ ಗಿಗಾಬಿಟ್ ವೇಗ ತಾಳಬಲ್ಲುದಾದರೂ ಅದರ ಡಬ್ಬದೊಳಗಿದ್ದ ಕೇಬಲ್ಲು ೪೮೦ ಮೆಗಾಬಿಟ್ಟಿನದೇ ಆಗಿತ್ತು. ಅಷ್ಟು ಬೆಲೆಯ ವಸ್ತುವಿನ ಗತಿಯೇ ಹೀಗಾದರೆ ಉಳಿದವುಗಳ ಮಾತೇನು! ಯುರೋಪಿನ ಒಕ್ಕೂಟ ೨೦೨೪ರ ಡಿಸೆಂಬರ್ ೨೮ರಿಂದ ಹೊಸ ಫೋನುಗಳಿಗೆ ಟೈಪ್-ಸಿಯನ್ನು ಕಡ್ಡಾಯ ಮಾಡಿತು. ತುದಿಗಳು ಒಂದಾದವು, ಕೇಬಲ್ಲಿನ ಗಂಟಿನಲ್ಲಿ ಗೊಂದಲ ಇನ್ನಷ್ಟು ಹೆಚ್ಚಿತು.

ಕೇಬಲ್ಲಿನ ಮೇಲೆ ‘೨೪೦ ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ಕಂಡು ಮರುಳಾಗಬಾರದು. ಅದು ವಿದ್ಯುತ್ತಿನ ಅಳತೆ. ೨೪೦ ವ್ಯಾಟ್ ತಾಳುವ ಕೇಬಲ್ಲು ಮಾಹಿತಿಯನ್ನು ೪೮೦ ಮೆಗಾಬಿಟ್ಟಿನಲ್ಲೇ ಸಾಗಿಸುತ್ತಿರಬಹುದು. ಆವೃತ್ತಿಯ ಸಂಖ್ಯೆಗಳನ್ನೂ ನೆಚ್ಚುವಂತಿಲ್ಲ. ೩.೦, ೩.೧ ಜೆನ್ ೧, ೩.೨ ಜೆನ್ ೧ ಇವು ಮೂರೂ ೫ ಗಿಗಾಬಿಟ್ಟಿನ ಒಂದೇ ವೇಗ. ಒಂದೇ ಕೂಸಿಗೆ ಮೂರು ಸಲ ನಾಮಕರಣ ಮಾಡಿದ್ದಾರೆ. ಅಂಗಡಿಯಲ್ಲಿ ಕೇಳಬೇಕಾದದ್ದು ಒಂದೇ: ‘ಡಬ್ಬದ ಮೇಲೆ ೫ ಅಥವಾ ೧೦ ಜಿಬಿಪಿಎಸ್ ಎಂದು ಬರೆದಿದೆಯೆ?’ ಬರೆದಿಲ್ಲವಾದರೆ ೪೮೦ ಮೆಗಾಬಿಟ್ಟಿನದೆಂದೇ ತಿಳಿದು ಕೆಳಗಿಡುವುದು ಲೇಸು.

ನಮ್ಮ ಅಭಿಪ್ರಾಯದಲ್ಲಿ ಗೃಹಬಳಕೆಗೆ ೧೦ ಗಿಗಾಬಿಟ್ಟಿನ, ಒಂದು ಮೀಟರಿಗೆ ಮೀರದ ಕೇಬಲ್ಲು ಸಾಕು. ಉದ್ದ ಹೆಚ್ಚಿದಷ್ಟೂ ಈ ವೇಗವನ್ನು ಉಳಿಸಿಕೊಳ್ಳುವುದು ಕಷ್ಟ. ಎಸ್‌ಎಸ್‌ಡಿಯೊಡನೆ ಬರುವ ಕೇಬಲ್ಲು ಗಿಡ್ಡಾಗಿರುವುದು ಜಿಪುಣತನದಿಂದಲ್ಲ. ೨೦ ಗಿಗಾಬಿಟ್ಟಿನದನ್ನು ಕೊಂಡರೆ ಎರಡೂ ತುದಿಯ ಯಂತ್ರಗಳು ಅದನ್ನು ತಾಳಬೇಕು. ಅಂಥ ಲ್ಯಾಪ್‌ಟಾಪುಗಳು ವಿರಳ. ೪೦ ಗಿಗಾಬಿಟ್ಟಿನದಕ್ಕೆ ಸಾಮಾನ್ಯ ಎಸ್‌ಎಸ್‌ಡಿ ಇಟ್ಟುಕೊಂಡವರು ಹಣ ಸುರಿಯುವುದು ವ್ಯರ್ಥ.

ಹಳೆಯ ಲ್ಯಾಪ್‌ಟಾಪುಗಳಲ್ಲಿ ಟೈಪ್-ಸಿ ಇರುವುದಿಲ್ಲ. ಅಗಲವಾದ ಟೈಪ್-ಎ ಪೋರ್ಟ್ ಇರುತ್ತದೆ. ಅದರೊಳಗಿನ ನಾಲಗೆ ನೀಲಿಯಾಗಿದ್ದರೆ ಸಾಮಾನ್ಯವಾಗಿ ೩.೦ ಎಂದು ತಿಳಿಯಬಹುದು. ಆದರೆ ಆ ಬಣ್ಣ ಕಡ್ಡಾಯವೇನಲ್ಲ. ಇಂಥವರು ಒಂದು ತುದಿ ಎ, ಇನ್ನೊಂದು ತುದಿ ಸಿ ಇರುವ ಕೇಬಲ್ಲನ್ನೇ ಕೊಳ್ಳಲಿ. ಸಿ ಕೇಬಲ್ಲಿನ ತುದಿಗೆ ಸಿಕ್ಕಿಸುವ ಗುಂಡಿಯಂಥ ಪುಟ್ಟ ಅಡಾಪ್ಟರುಗಳು ಅಗ್ಗವಾಗಿ ಸಿಗುತ್ತವೆ. ಅವುಗಳಲ್ಲಿ ಕೆಲವು ೨.೦ ವೇಗದವು, ಇನ್ನು ಕೆಲವು ಕೇಬಲ್ಲಿನ ಒಂದು ಮಗ್ಗುಲಿಗೆ ಮಾತ್ರ ವೇಗ ಕೊಟ್ಟು, ತಿರುವಿ ಹಾಕಿದರೆ ನಿಧಾನವಾಗುತ್ತವೆ. ಈಗಾಗಲೇ ಕೊಂಡಿದ್ದರೆ ಒಮ್ಮೆ ತಿರುವಿ ಹಾಕಿ ನೋಡಬಹುದು.

ಕೆಟ್ಟ ಲ್ಯಾಪ್‌ಟಾಪಿನಿಂದ ಬಿಚ್ಚಿ ತೆಗೆದ ಎರಡೂವರೆ ಅಂಗುಲದ ಎಸ್‌ಎಸ್‌ಡಿ ಕೆಲವರ ಮನೆಯಲ್ಲಿರುತ್ತದೆ. ಅದಕ್ಕೆ ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಕೇಬಲ್ಲು ಬೇಕು. ಈ ಬಗೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು ೫೫೦ ಮೆಗಾಬೈಟಿಗಿಂತ ಹೆಚ್ಚು ಕೊಡಲಾರದು. ೫ ಗಿಗಾಬಿಟ್ಟಿನ ಅಡಾಪ್ಟರಿನಲ್ಲಿ ೪೦೦ಕ್ಕೂ ಮಿಕ್ಕಿ ದೊರೆಯುತ್ತದೆ, ಅದೇ ಧಾರಾಳ. ಡಬ್ಬದ ಮೇಲೆ ಯುಎಎಸ್‌ಪಿ ಎಂಬ ಅಕ್ಷರಗಳಿದ್ದರೆ ಒಳ್ಳೆಯದು. ಮಾಹಿತಿಯನ್ನು ಸರಾಗವಾಗಿ ಸಾಗಿಸುವ ಕ್ರಮದ ಹೆಸರು ಅದು.

ಕೊಂಡ ಕೇಬಲ್ಲನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ದೊಡ್ಡ ವಿಡಿಯೋವನ್ನು ಪ್ರತಿ ಮಾಡುತ್ತಾ ವಿಂಡೋಸಿನ ಕಿಟಕಿಯಲ್ಲಿ ತೋರುವ ವೇಗವನ್ನು ಗಮನಿಸಿರಿ. ೪೦ ಮೆಗಾಬೈಟಿನ ಆಸುಪಾಸಿನಲ್ಲೇ ನಿಂತಿದ್ದರೆ ಕೇಬಲ್ಲೋ ಪೋರ್ಟೋ ೨.೦ ಎಂದು ಶಂಕಿಸಬೇಕು. ನೂರರ ಸುತ್ತ ಇದ್ದರೆ ಲ್ಯಾಪ್‌ಟಾಪಿನೊಳಗೆ ತಿರುಗುವ ಹಾರ್ಡ್ ಡಿಸ್ಕ್ ಇರಬಹುದು. ಅಲ್ಲಿ ಕೇಬಲ್ಲನ್ನು ಬದಲಿಸಿ ಫಲವಿಲ್ಲ. ೪೦೦ ದಾಟಿದರೆ ಸರಿಯಾದುದೇ ಸಿಕ್ಕಿದೆ. ಆ ವೇಗದಲ್ಲಿ ಹೆಮ್ಮರಗಾಲದ ಮನೆಯ ೪೦೦ ಗಿಗಾಬೈಟು ಹದಿನೇಳು ನಿಮಿಷದ ಕೆಲಸ.

ಪತ್ರದಲ್ಲಿ ನಮ್ಮನ್ನು ಬಹಳ ಕಾಡಿದ ವಿವರ ಬೇರೊಂದಿದೆ. ಅಜ್ಜಿಯ ಹಾಡುಗಳೆಲ್ಲ ಸೇರಿ ಎರಡು ಗಿಗಾಬೈಟು ಮಾತ್ರ. ಆ ನಿಧಾನದ ಕೇಬಲ್ಲಿನಲ್ಲೂ ಅವು ಒಂದು ನಿಮಿಷದಲ್ಲಿ ಮುಗಿಯುತ್ತಿದ್ದವು. ಮದುವೆಯ ವಿಡಿಯೋದ ಪ್ರತಿ ಬೀಗರ ಮನೆಯಲ್ಲೂ ಇರುತ್ತದೆ. ಹಾಡಿದವರ ಧ್ವನಿ ಇನ್ನೆಲ್ಲಿಯೂ ಇರುವುದಿಲ್ಲ. ಇಡೀ ಕಡತಗಳ ಕಟ್ಟನ್ನು ಒಟ್ಟಿಗೆ ಎಳೆದು ಹಾಕದೆ, ಮರಳಿ ದೊರೆಯದಂಥವನ್ನು ಮೊದಲು ಆರಿಸಿ ಪ್ರತಿ ಮಾಡಿರಿ.

ಪ್ರತಿಯೂ ಒಂದೇ ಆಗಿರಬಾರದು. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿಯಲ್ಲಿ ಬರೆದದ್ದು ಕ್ರಮೇಣ ಅಳಿಯುವ ಸಂಭವವಿದೆ. ಹಬ್ಬ ಹಬ್ಬಕ್ಕಾದರೂ ಅದನ್ನು ಯಂತ್ರಕ್ಕೆ ಜೋಡಿಸಿ ನೋಡಬೇಕು. ಇನ್ನೊಂದು ಪ್ರತಿಯನ್ನು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಇರಿಸಬೇಕು. ಪ್ರತಿ ಮುಗಿದ ಮೇಲೆ ‘ಇಜೆಕ್ಟ್’ ಒತ್ತಿದ ನಂತರವೇ ಕೇಬಲ್ಲನ್ನು ಕೀಳಬೇಕು. ಒಳ್ಳೆಯ ಕೇಬಲ್ಲಿನ ಎರಡು ತುದಿಗೂ ಕೆಂಪು ದಾರ ಸುತ್ತಿ ಎಸ್‌ಎಸ್‌ಡಿಯ ಚೀಲದಲ್ಲೇ ಇರಿಸಿದರೆ ಅದು ಚಾರ್ಜರುಗಳ ಗಂಟಿಗೆ ಸೇರುವುದಿಲ್ಲ.

ಹಳೆಯ ಟೇಪ್ ರೆಕಾರ್ಡರಿನ ಕ್ಯಾಸೆಟ್ಟುಗಳಿಂದ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸುವ ಬಗೆಯನ್ನು ಅದೇ ಓದುಗರು ಕೇಳಿದ್ದಾರೆ. ಅಜ್ಜಿಯ ಧ್ವನಿಯಿರುವ ಒಂದು ಕ್ಯಾಸೆಟ್ಟು ಅವರ ಅಟ್ಟದ ಮೇಲೆ ಸಿಕ್ಕಿದೆಯಂತೆ. ಅದರ ವಿವರವನ್ನು ಮುಂದಿನ ಸಂಚಿಕೆಯಲ್ಲಿ ನೀಡುತ್ತೇವೆ. ಅಲ್ಲಿಯವರೆಗೆ ಆ ಕ್ಯಾಸೆಟ್ಟನ್ನು ಯಾವ ಯಂತ್ರಕ್ಕೂ ಹಾಕದೆ, ಬಿಸಿಲು ತಾಗದ ಒಣ ಜಾಗದಲ್ಲಿ ಇಟ್ಟಿರಲಿ.