ಒಬ್ಬ ಕುಡುಕ ಕೋಚ್‌ಗೆ ಬುದ್ಧಿ ಬರಲು ಎಷ್ಟು ಆಟಗಾರರು ಬೇಕು?

ಮೂರು ಹಿಂದಿ ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2005ರ ‘ಇಕ್ಬಾಲ್’: ಕಿವಿ ಕೇಳದ, ಮಾತು ಬಾರದ ಹಳ್ಳಿ ಹುಡುಗನಿಗೆ ವೇಗದ ಬೌಲರ್ ಆಗುವ ಆಸೆ. ಕಲಿಸುವವನು ಕುಡಿತಕ್ಕೆ ಬಿದ್ದ ಮಾಜಿ ಆಟಗಾರ. 2023ರ ‘ಘೂಮರ್’: ಅಪಘಾತದಲ್ಲಿ ಬಲಗೈ ಕಳೆದುಕೊಂಡ ಯುವತಿ ಎಡಗೈಯಲ್ಲಿ ಬೌಲಿಂಗ್ ಕಲಿಯಬೇಕು. ಕಲಿಸುವವನು ಕುಡಿತಕ್ಕೆ ಬಿದ್ದ ಮಾಜಿ ಆಟಗಾರ. 2025ರ ‘ಸಿತಾರೆ ಜಮೀನ್ ಪರ್’: ಬೌದ್ಧಿಕ ವೈಕಲ್ಯವಿರುವ ಆಟಗಾರರ ಬಾಸ್ಕೆಟ್‌ಬಾಲ್ ತಂಡ. ಕಲಿಸುವವನು ಕುಡಿದು ಗಾಡಿ ಓಡಿಸಿ ಪೊಲೀಸರ ವಾಹನಕ್ಕೇ ಗುದ್ದಿದವನು, ಕೋರ್ಟ್ ಶಿಕ್ಷೆಯಾಗಿ ಆ ತಂಡಕ್ಕೆ ಬಂದವನು.

20 ವರ್ಷ, ಮೂವರು ನಿರ್ದೇಶಕರು, ಒಂದೇ ಬಾಟಲಿ. ಕಾಕತಾಳೀಯ ಅಂತ ಬಿಟ್ಟುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ.

ಕಥೆಯ ಉದ್ದಕ್ಕೂ ಯಾರು ಬದಲಾಗುತ್ತಾರೆ ಅನ್ನೋದನ್ನು ಗಮನಿಸಿ. ಇಕ್ಬಾಲ್ ಶುರುವಿನಲ್ಲೂ ಒಳ್ಳೆಯವನು, ಕೊನೆಯಲ್ಲೂ ಒಳ್ಳೆಯವನು. ‘ಸಿತಾರೆ’ ತಂಡದ ಆಟಗಾರರದೂ ಹಾಗೇ, ಶುರುವಿನಿಂದಲೂ ಮುಗ್ಧರು, ಪ್ರೀತಿ ತುಂಬಿದವರು. ಕೆಟ್ಟವನಾಗಿದ್ದು ಸರಿಹೋಗುವವನು, ಸೋತಿದ್ದು ಎದ್ದು ನಿಲ್ಲುವವನು ಕೋಚ್. ಅಂದರೆ ಕಥೆ ಅವನದು. ಅಂಗವೈಕಲ್ಯ ಇರುವ ಆಟಗಾರರು ಅವನ ಡಿ-ಅಡಿಕ್ಷನ್ ಸೆಂಟರ್. ಟಿಕೆಟ್ ಕೊಂಡು ಕೂತ ನಾವೂ ಅದೇ ಸೆಂಟರಿನ ರೋಗಿಗಳು. ಎರಡೂವರೆ ಗಂಟೆ ಅತ್ತು, ‘ನಮ್ಮ ಕಷ್ಟ ಏನು ಮಹಾ’ ಅಂದುಕೊಂಡು ಹಗುರಾಗಿ ಹೊರಗೆ ಬರುತ್ತೇವೆ.

ಆಸ್ಟ್ರೇಲಿಯಾದ ಪತ್ರಕರ್ತೆ, ಹಾಸ್ಯಗಾರ್ತಿ ಸ್ಟೆಲ್ಲಾ ಯಂಗ್ 2014ರಲ್ಲಿ ಇದಕ್ಕೊಂದು ಹೆಸರನ್ನೇ ಜನಪ್ರಿಯ ಮಾಡಿದರು: ‘ಇನ್‌ಸ್ಪಿರೇಷನ್ ಪೋರ್ನ್’. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಆಕೆಯ ವಾದ ಸರಳ: ಬೇರೆಯವರಿಗೆ ಸ್ಫೂರ್ತಿ ಕೊಡುವುದಕ್ಕಾಗಿ ನಾವು ಹುಟ್ಟಿಲ್ಲ, ಮತ್ತು ಮೆಟ್ಟಿಲ ಮುಂದೆ ನಿಂತು ಎಷ್ಟೇ ನಗುನಗುತ್ತಾ ಇದ್ದರೂ ಅದು ರ‍್ಯಾಂಪ್ ಆಗಿಬಿಡುವುದಿಲ್ಲ. 2024ರ ಜುಲೈನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಹತ್ತಿರಹತ್ತಿರ ಇದೇ ಮಾತು ಹೇಳಿತು. ‘ಆಂಖ್ ಮಿಚೋಲಿ’ ಸಿನಿಮಾ ಕುರಿತ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಅಂಗವಿಕಲರನ್ನು ಗೇಲಿಯ ವಸ್ತುವನ್ನಾಗಿ ತೋರಿಸುವುದು ಹೇಗೆ ತಪ್ಪೋ, ಪವಾಡ ಪುರುಷರಂತೆ ತೋರಿಸುವುದೂ ಹಾಗೇ ತಪ್ಪು ಎಂದಿತು. ಮೊದಲನೆಯದು ನಮಗೆ ಬೇಗ ಕಾಣುತ್ತೆ. ಎರಡನೆಯದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ.

ನ್ಯಾಯವಾಗಿ ಹೇಳಬೇಕೆಂದರೆ ‘ಸಿತಾರೆ’ ಹಳೆಯ ಸಿನಿಮಾಗಳಿಗಿಂತ ಎರಡು ಹೆಜ್ಜೆ ಮುಂದಿದೆ. ‘ಇಕ್ಬಾಲ್’ ಪಾತ್ರವನ್ನು ಕಿವಿ ಕೇಳುವ ನಟ ಮಾಡಿದ್ದರು, ‘ಘೂಮರ್’ ನಾಯಕಿಗೆ ನಿಜದಲ್ಲಿ ಎರಡೂ ಕೈಗಳಿವೆ. ‘ಸಿತಾರೆ’ಯ ಹತ್ತು ಆಟಗಾರರ ಪಾತ್ರಗಳನ್ನು ನ್ಯೂರೋಡೈವರ್ಜೆಂಟ್ ಕಲಾವಿದರೇ ಮಾಡಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಇನ್ನೊಂದು, ತಂಡ ಫೈನಲ್ ಸೋಲುತ್ತೆ, ಆದರೂ ಕುಣಿಯುತ್ತೆ. ಗೆದ್ದರೆ ಮಾತ್ರ ಮನುಷ್ಯ ಅನ್ನುವ ಷರತ್ತನ್ನು ಸಿನಿಮಾ ಕೈಬಿಟ್ಟಿತು.

ಆದರೆ ಆ ಸಿನಿಮಾದ ಮೂಲದ ಊರಲ್ಲಿ ನಡೆದ ಒಂದು ಕಥೆ ಯಾವ ರೀಮೇಕ್‌ಗೂ ಬರುವುದಿಲ್ಲ. ‘ಸಿತಾರೆ’ಯ ಮೂಲ 2018ರ ಸ್ಪ್ಯಾನಿಷ್ ಚಿತ್ರ ‘ಕಂಪಿಯೋನೆಸ್’. ಅದೇ ಸ್ಪೇನ್ 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ವೈಕಲ್ಯ ವಿಭಾಗದ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದಿತ್ತು. ಆಮೇಲೆ ಗೊತ್ತಾಯಿತು, 12 ಆಟಗಾರರಲ್ಲಿ 10 ಮಂದಿಗೆ ಯಾವ ವೈಕಲ್ಯವೂ ಇರಲಿಲ್ಲ! ತಂಡದೊಳಗೇ ಆಡಿದ್ದ ಒಬ್ಬ ಪತ್ರಕರ್ತ ಇದನ್ನು ಬಯಲು ಮಾಡಿದ. ಪದಕ ವಾಪಸ್ ಹೋಯಿತು. ಆದರೆ ಶಿಕ್ಷೆ ಅನುಭವಿಸಿದವರು ಯಾರು? ಜಗತ್ತಿನ ಎಲ್ಲ ದೇಶಗಳ, ನಿಜವಾಗಿಯೂ ಬೌದ್ಧಿಕ ವೈಕಲ್ಯ ಇರುವ ಕ್ರೀಡಾಪಟುಗಳು. 2004 ಮತ್ತು 2008ರ ಪ್ಯಾರಾಲಿಂಪಿಕ್ಸ್‌ನಿಂದ ಅವರ ವಿಭಾಗವನ್ನೇ ತೆಗೆದುಹಾಕಲಾಯಿತು. 2012ರಲ್ಲಿ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್ ವಾಪಸ್ ಬಂದವು. ಬಾಸ್ಕೆಟ್‌ಬಾಲ್ ಬರಲೇ ಇಲ್ಲ.

ಈ ಕಥೆಯಲ್ಲಿ ಕಣ್ಣೀರಿಗಿಂತ ಹೆಚ್ಚಿನದೇನೋ ಇದೆ. ಆಡಳಿತ ಮಾಡುವವರ ಮೋಸ, ತಪಾಸಣೆಯ ವೈಫಲ್ಯ, ಮತ್ತು ಯಾರದೋ ತಪ್ಪಿಗೆ ಅತ್ಯಂತ ದುರ್ಬಲರು ದಂಡ ಕಟ್ಟುವುದು. ಒಟ್ಟಿನಲ್ಲಿ ಇದು ವ್ಯವಸ್ಥೆಯ ಕಥೆ. ನಮ್ಮ ಫ್ಯಾಮಿಲಿ ಸ್ಪೋರ್ಟ್ಸ್ ಸಿನಿಮಾಗಳಿಗೆ ಅಲರ್ಜಿ ಇರುವುದೂ ಇದಕ್ಕೇ. ಅವುಗಳಲ್ಲಿ ಅಡ್ಡಿ ಯಾವಾಗಲೂ ದೇಹದೊಳಗೆ ಇರುತ್ತೆ, ಅಥವಾ ಒಬ್ಬ ಕೆಟ್ಟ ಅಪ್ಪನಲ್ಲಿ, ಒಬ್ಬ ಸೆಲೆಕ್ಟರ್‌ನಲ್ಲಿ ಇರುತ್ತೆ. ಮದ್ದು ಯಾವಾಗಲೂ ಒಂದೇ: ಛಲ.

ಈ ‘ಛಲ’ದ ಸಿದ್ಧಾಂತವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಒಂದೇ ಪದಕ, ಹಾಸನ ಜಿಲ್ಲೆಯ ಗಿರೀಶ್ ಹೊಸನಗರ ನಾಗರಾಜೇಗೌಡ ಎತ್ತರ ಜಿಗಿತದಲ್ಲಿ ಗೆದ್ದ ಬೆಳ್ಳಿ. 2016ರ ರಿಯೊದಲ್ಲಿ 4. ಟೋಕಿಯೊದಲ್ಲಿ 19. 2024ರ ಪ್ಯಾರಿಸ್‌ನಲ್ಲಿ 7 ಚಿನ್ನ ಸೇರಿ 29. ಸಿನಿಮಾ ಹೇಳುವುದು ನಿಜವಾದರೆ, 12 ವರ್ಷದಲ್ಲಿ ಭಾರತದ ಅಂಗವಿಕಲರ ಛಲ 29 ಪಟ್ಟು ಜಾಸ್ತಿಯಾಗಿದೆ ಎಂದು ನಂಬಬೇಕಾಗುತ್ತೆ. 2012ರಲ್ಲಿ ಸೋತು ಬಂದವರಿಗೆ ಛಲ ಕಡಿಮೆ ಇತ್ತಾ? ಖಂಡಿತ ಇಲ್ಲ. ಬದಲಾದದ್ದು ಬೇರೆ. ಒಲಿಂಪಿಕ್ ಪೋಡಿಯಂ ಯೋಜನೆಯಲ್ಲಿ ಪ್ಯಾರಾ ಆಟಗಾರರಿಗೂ ಹಣ ಸಿಕ್ಕಿತು, ಕೋಚ್‌ಗಳು ಬಂದರು, ವಿದೇಶದಲ್ಲಿ ಆಡುವ ಅವಕಾಶ ಬಂತು. ದುಡ್ಡು, ತರಬೇತಿ, ಉಪಕರಣ. ಹೀರೋಯಿಕ್ ಅಲ್ಲದ ಈ ಮೂರು ಪದಗಳಿಗೆ ಯಾವ ಹಿನ್ನೆಲೆ ಸಂಗೀತವೂ ಇಲ್ಲ.

ಪ್ಯಾರಾ ಕ್ರೀಡೆಯ ಒಳಗಿನ ಜಗತ್ತೂ ನಮ್ಮ ಸಿನಿಮಾಗಳಿಗೆ ಬೇಡ. ‘ಇಕ್ಬಾಲ್’ ಗೆಲ್ಲುವುದು ‘ನಾರ್ಮಲ್’ ಭಾರತ ತಂಡ ಸೇರಿದಾಗ. ‘ಘೂಮರ್’ ನಾಯಕಿಯೂ ಹಾಗೇ. ಅಂದರೆ ಸಂದೇಶ ಏನು? ನಮ್ಮ ಜೊತೆ, ನಮ್ಮ ನಿಯಮದಲ್ಲಿ ಆಡಿ ಗೆದ್ದರೆ ಮಾತ್ರ ಅದು ಗೆಲುವು. ಸ್ವತಂತ್ರ ಕ್ರೀಡೆಯಾಗಿ ಪ್ಯಾರಾ ಆಟ ಎಷ್ಟು ಸೂಕ್ಷ್ಮ, ಎಷ್ಟು ರೋಚಕ ಅನ್ನೋದು ಇವರಿಗೆ ಗೊತ್ತೇ ಇಲ್ಲ. ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರ ಓಟವನ್ನೇ ತೆಗೆದುಕೊಳ್ಳಿ. ಏಷ್ಯನ್ ಪ್ಯಾರಾ ಗೇಮ್ಸ್‌ನ 1500 ಮೀಟರ್‌ನಲ್ಲಿ ಎರಡು ಸಲ ಚಿನ್ನ ಗೆದ್ದವರು. ಅವರ ಟಿ11 ವಿಭಾಗದಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡಬೇಕು, ಅಲ್ಪಸ್ವಲ್ಪ ಬೆಳಕು ಕಾಣುವವರಿಗೂ ಲಾಭ ಸಿಗಬಾರದು ಅಂತ. ಪಕ್ಕದಲ್ಲಿ ಕೈಗೆ ಕೈ ಜೋಡಿಸುವ ಸಣ್ಣ ದಾರ ಹಿಡಿದ ಗೈಡ್ ರನ್ನರ್. ಅವರ ಹೆಜ್ಜೆ ಇವರ ಹೆಜ್ಜೆಗೆ ತಾಳ ಹಾಕಬೇಕು, ಆದರೆ ಗೆರೆಯನ್ನು ಇವರಿಗಿಂತ ಮೊದಲು ದಾಟುವಂತಿಲ್ಲ. ದಾಟಿದರೆ ಓಟವೇ ಅಸಿಂಧು. ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ಯಾವ ಸ್ಕ್ರಿಪ್ಟ್ ರೈಟರ್ ಬರೆದಾನು? ಜೊತೆಗೆ ಇಲ್ಲೊಂದು ರಾಜಕೀಯ ಪ್ರಶ್ನೆಯೂ ಇದೆ. ಇವರಷ್ಟೇ ವೇಗವಾಗಿ ಓಡಬಲ್ಲ, ವರ್ಷವಿಡೀ ಜೊತೆಗೇ ಅಭ್ಯಾಸ ಮಾಡುವ ಆ ಗೈಡ್‌ನ ಊಟ, ಪ್ರಯಾಣ, ಸಂಬಳ ಯಾರು ಕೊಡಬೇಕು?

ಅಂಧರ ಕ್ರಿಕೆಟ್ ನೋಡಿ. ಒಳಗೆ ಗುಂಡುಗಳಿರುವ, ಸದ್ದು ಮಾಡುವ ಪ್ಲಾಸ್ಟಿಕ್ ಚೆಂಡು. ಬೌಲಿಂಗ್ ಕೆಳಗೈಯಿಂದ. ಪೂರ್ಣ ಅಂಧರಾದ ಬಿ1 ಆಟಗಾರರು ಹೊಡೆದ ರನ್ನಿಗೆ ಎರಡು ಪಟ್ಟು ಲೆಕ್ಕ. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಮೊದಲ ಟಿ20 ವಿಶ್ವಕಪ್ ಗೆದ್ದಾಗ ಭಾರತದ ನಾಯಕ ನಮ್ಮ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ನೇಪಾಳವನ್ನು ಸೋಲಿಸಿ ಅಂಧ ಮಹಿಳೆಯರ ಚೊಚ್ಚಲ ಟಿ20 ವಿಶ್ವಕಪ್ ಎತ್ತಿದ ನಾಯಕಿ ಕರ್ನಾಟಕದ ದೀಪಿಕಾ ಟಿ.ಸಿ. ಈ ಆಟವನ್ನು ದೇಶದಲ್ಲಿ ನಡೆಸುತ್ತಿರುವುದು ಹಣದ ಹೊಳೆಯಲ್ಲಿ ತೇಲುವ ಬಿಸಿಸಿಐ ಅಲ್ಲ, ದಾನಿಗಳನ್ನು, ಪ್ರಾಯೋಜಕರನ್ನು ಹುಡುಕಿಕೊಂಡು ಓಡಾಡುವ ಅಂಧರ ಕ್ರಿಕೆಟ್ ಸಂಸ್ಥೆ. ಗೆದ್ದ ದಿನ ಎಲ್ಲರೂ ಟ್ವೀಟ್ ಮಾಡುತ್ತಾರೆ. ಮುಂದಿನ ಟೂರ್ನಿಯ ಟಿಕೆಟ್ ದುಡ್ಡಿನ ಬಗ್ಗೆ ಯಾರೂ ಟ್ವೀಟ್ ಮಾಡಲ್ಲ.

‘ಸಿನಿಮಾ ಅಂದರೆ ಮನರಂಜನೆ ಕಣ್ರೀ, ಅದಕ್ಕೆ ಸರ್ಕಾರದ ಕೆಲಸ ಯಾಕೆ ಹೊರಿಸ್ತೀರಿ?’ ಎಂದು ಕೇಳಬಹುದು. ‘ಇಕ್ಬಾಲ್’ ನೋಡಿ ತನ್ನ ಮಗುವನ್ನು ಮೈದಾನಕ್ಕೆ ಕರೆದುಕೊಂಡು ಹೋದ ಒಬ್ಬ ತಾಯಿಯಾದರೂ ಇರಬಹುದು, ಅದು ಸಾಲದಾ? ಒಪ್ಪುತ್ತೇನೆ, ಅದು ದೊಡ್ಡದೇ. ಆದರೆ ಆ ತಾಯಿ ಮೈದಾನದ ಗೇಟಿಗೆ ಬಂದಾಗ ಏನಾಗುತ್ತೆ ಅನ್ನೋದೇ ಪ್ರಶ್ನೆ. ಗೇಟಿನಲ್ಲಿ ನಾಲ್ಕು ಮೆಟ್ಟಿಲು. ಒಳಗೆ ಹೋದರೆ ಬಳಸಲಾಗದ ಶೌಚಾಲಯ. ಶಾಲೆಗೆ ಹೋದರೆ ಪಿ.ಟಿ. ಪೀರಿಯಡ್‌ನಲ್ಲಿ ‘ನೀನು ಇಲ್ಲೇ ಕೂತು ಎಲ್ಲರ ಬ್ಯಾಗ್ ನೋಡ್ಕೋ ಪುಟ್ಟ’ ಅನ್ನುವ ಅಕ್ಕರೆ. ಆ ಅಕ್ಕರೆಯೇ ಕಾನೂನು ಉಲ್ಲಂಘನೆ ಅಂತ ಎಷ್ಟು ಮೇಷ್ಟ್ರಿಗೆ ಗೊತ್ತು?

ಹೌದು, ಉಲ್ಲಂಘನೆಯೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಶಾಲೆಗಳು ಪಾಠದಷ್ಟೇ ಆಟದಲ್ಲೂ ಸಮಾನ ಅವಕಾಶ ಕೊಡಬೇಕು. 30ನೇ ಸೆಕ್ಷನ್ ಪೂರ್ತಿ ಕ್ರೀಡೆಗೇ ಮೀಸಲು: ಮೈದಾನ, ಸೌಲಭ್ಯ, ತರಬೇತಿ ಎಲ್ಲವನ್ನೂ ಇವರನ್ನು ಒಳಗೊಳ್ಳುವಂತೆ ರೂಪಿಸುವುದು ಸರ್ಕಾರದ, ಕ್ರೀಡಾ ಪ್ರಾಧಿಕಾರಗಳ ಕೆಲಸ. 45ನೇ ಸೆಕ್ಷನ್ ಪ್ರಕಾರ ನಿಯಮಗಳು ಬಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರೂ ಬಳಸುವಂತೆ ಬದಲಾಗಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರದ ನಿಯಮ ಬರೀ ಸಲಹೆಯ ಧಾಟಿಯಲ್ಲಿದೆ, ಅದು ಕಾಯ್ದೆಗೇ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸಲು ಮೂರು ತಿಂಗಳು ಕೊಟ್ಟಿತು. ಹಕ್ಕನ್ನು ಸಲಹೆ ಅಂತ ಓದುವ ಈ ಅಭ್ಯಾಸಕ್ಕೂ, ಹಕ್ಕನ್ನು ಛಲ ಅಂತ ತೋರಿಸುವ ಸಿನಿಮಾಗೂ ನಂಟಿದೆ. ಗೆದ್ದವನು ತನ್ನ ಛಲದಿಂದ ಗೆದ್ದ ಅಂದಮೇಲೆ, ಸೋತವನು ಛಲ ಇಲ್ಲದೆ ಸೋತ ಅಂತಾಯಿತಲ್ಲ. ರ‍್ಯಾಂಪ್ ಕಟ್ಟದವರು ಆರಾಮಾಗಿ ಪಾರಾದರು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಅವರಲ್ಲಿ ಬಹುಪಾಲು ಜನ ಪದಕ ಗೆಲ್ಲುವುದಿಲ್ಲ. ನಮ್ಮಲ್ಲೂ ಬಹುಪಾಲು ಜನ ಗೆಲ್ಲುವುದಿಲ್ಲ. ಆದರೂ ನಾವು ಸಂಜೆ ಗಲ್ಲಿ ಕ್ರಿಕೆಟ್ ಆಡುತ್ತೇವೆ, ಶಟಲ್ ಆಡುತ್ತೇವೆ, ಸೋತು ಮನೆಗೆ ಬಂದು ಉಂಡು ಮಲಗುತ್ತೇವೆ. ಯಾರಿಗೂ ಸ್ಫೂರ್ತಿ ಕೊಡುವ ಜವಾಬ್ದಾರಿ ಇಲ್ಲದೆ, ಸುಮ್ಮನೆ ಆಡುವ ಹಕ್ಕು ಅದು. ಸಮಾನತೆ ಅಂದರೆ ಪದಕದ ಸಮಾನತೆಯಷ್ಟೇ ಅಲ್ಲ. ಕಳಪೆಯಾಗಿ ಆಡಿ ನಗುವ ಸಮಾನತೆಯೂ ಬೇಕು.

ಹಾಗಂತ ಈ ಸಿನಿಮಾಗಳನ್ನು ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ನೋಡಿ, ಅಳು ಬಂದರೆ ಅಳಿ. ಆಮೇಲೆ ಎರಡು ಕೆಲಸ ಮಾಡಿ. ಒಂದು, ಆ ಸಿನಿಮಾವನ್ನು ಕಣ್ಣು ಕಾಣದವರು, ಕಿವಿ ಕೇಳದವರು ಅದೇ ಥಿಯೇಟರಿನಲ್ಲಿ ನೋಡಲು ವ್ಯವಸ್ಥೆ ಇತ್ತಾ ಅಂತ ಕೇಳಿ. ಆಡಿಯೋ ವಿವರಣೆ, ಕ್ಯಾಪ್ಷನ್ ಬಗ್ಗೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ, ಕೇಳಲು ನಿಮಗೆ ಆಧಾರ ಇದೆ. ಎರಡು, ನೀವು ಓದಿದ ಶಾಲೆಗೋ ನಿಮ್ಮ ತಾಲ್ಲೂಕಿನ ಕ್ರೀಡಾಂಗಣಕ್ಕೋ ಒಂದು ಆರ್‌ಟಿಐ ಹಾಕಿ. 16ನೇ ಮತ್ತು 30ನೇ ಸೆಕ್ಷನ್ ಪ್ರಕಾರ ಇಲ್ಲಿಯವರೆಗೆ ಏನು ಮಾಡಿದ್ದೀರಿ, ಎಷ್ಟು ಖರ್ಚಾಗಿದೆ ಅಂತ. ಹತ್ತು ರೂಪಾಯಿ ಖರ್ಚು, ಒಂದು ಪುಟದ ಅರ್ಜಿ. ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ.